ಬಿದಿರಿನ ಬುಡದ ಮುಳ್ಳು

ಉತ್ತರ ಕನ್ನಡದ ಕಾಡಿನಲ್ಲಿ ಮಳೆಗಾಲ ಹಿಡಿಯುತ್ತಿದ್ದಂತೆ ಬಿದಿರು ಮೆಳೆಯ ಬುಡದಲ್ಲಿ ಕಳಲೆ ಏಳುತ್ತದೆ. ಎಳೆಯದು, ರುಚಿಯಾದದ್ದು, ಮನುಷ್ಯರಿಗೂ ಬೇಕು, ದನಕ್ಕೂ ಬೇಕು, ಮುಸುವಕ್ಕೂ ಮುಳ್ಳುಹಂದಿಗೂ ಬೇಕು. ಇಷ್ಟು ಬಾಯಿಗಳಿಂದ ಅದನ್ನು ಕಾಯುವುದು ಮೆಳೆಯ ಸುತ್ತ ಹೆಣೆದುಕೊಂಡ ಮುಳ್ಳು. ಕಾಡಂಚಿನ ಹಳ್ಳಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸರ್ಕಾರಕ್ಕೆ ಇದು ತಿಳಿಯುವ ಹೊತ್ತಿಗೆ ಮಾತ್ರ ಮೆಳೆಗಳು ಬರಿದಾಗಿದ್ದವು.

ಈ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಆಳುವವರ ಕಣ್ಣು ಆಗ ಇದ್ದದ್ದು ಕಾಳಿ ಕಣಿವೆಯ ಸಾಗುವಾನಿಯ ಮೇಲೆ. ಹಡಗಿಗೆ, ರೈಲು ಹಳಿಯ ದಿಮ್ಮಿಗೆ ಒದಗುವ ಮರಕ್ಕಷ್ಟೇ ಬೆಲೆ. ಬಿದಿರು ಅವರ ಪಾಲಿಗೆ ಕಳೆ. ಸಾಗುವಾನಿಗೆ ಅಡ್ಡಿಯೆಂದು ಅದನ್ನು ಕಡಿಸಿ ಹಾಕುತ್ತಿದ್ದರು. ಬುಟ್ಟಿ, ಮೊರ, ತಟ್ಟಿ, ಏಣಿ, ಹಂದರ ಎಂದು ತೊಟ್ಟಿಲಿನಿಂದ ಚಟ್ಟದವರೆಗೆ ಬಿದಿರನ್ನೇ ನಂಬಿದ್ದ ಜನರ ಬದುಕು ಅರಣ್ಯದ ಲೆಕ್ಕಪುಸ್ತಕಕ್ಕೆ ಬರಲೇ ಇಲ್ಲ.

ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಲೆಕ್ಕ ತಿರುವುಮುರುವಾಯಿತು. ಬಿದಿರಿನಿಂದ ಕಾಗದ ಮಾಡಬಹುದೆಂದು ಗೊತ್ತಾಯಿತು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಅದರ ಪ್ರಯೋಗಗಳು ನಡೆದವು. ನಿನ್ನೆಯ ಕಳೆ ಇಂದಿನ ಸಂಪತ್ತಾಯಿತು. 1927ರ ಭಾರತೀಯ ಅರಣ್ಯ ಕಾಯ್ದೆ ಬಿದಿರನ್ನು ಮರಗಳ ಸಾಲಿನಲ್ಲೇ ಎಣಿಸಿತು. ಸಸ್ಯಶಾಸ್ತ್ರದಲ್ಲಿ ಅದು ಹುಲ್ಲಿನ ಜಾತಿ. ಆದರೆ ಕಾಯ್ದೆಯ ಕಣ್ಣಿಗೆ ಅದು ಮರವಾದ್ದರಿಂದ, ಮುಂದೆ ತೊಂಬತ್ತು ವರ್ಷ ಅದನ್ನು ಕಡಿಯಲು, ಸಾಗಿಸಲು ಇಲಾಖೆಯ ಅಪ್ಪಣೆಗೆ ಕಾಯುವ ಸ್ಥಿತಿ ಮುಂದುವರಿಯಿತು.

ಸ್ವಾತಂತ್ರ್ಯ ಬಂದ ಮೇಲೂ ಕಾಡನ್ನು ಕಾಣುವ ದೃಷ್ಟಿ ಬದಲಾಗಲಿಲ್ಲ. 1950ರ ದಶಕದಲ್ಲಿ ಕಾಳಿ ದಂಡೆಯ ದಾಂಡೇಲಿಯಲ್ಲಿ ಕಾಗದ ಕಾರ್ಖಾನೆ ಎದ್ದಿತು. ಸಾವಿರಾರು ಜನರಿಗೆ ಕೂಲಿ ಸಿಕ್ಕಿತು, ಹಳ್ಳಿ ಪಟ್ಟಣವಾಯಿತು; ಅದೂ ನಿಜವೇ. ಆದರೆ ಬಿದಿರು ಕಾರ್ಖಾನೆಗಳಿಗೆ ಸಿಕ್ಕ ದರ ನೋಡಿ: ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ದಾಖಲಿಸಿರುವಂತೆ, ಟನ್ನಿಗೆ ಒಂದೂವರೆ ರೂಪಾಯಿ. ಅದೇ ಬಿದಿರನ್ನು ಬುಟ್ಟಿ ಹೆಣೆದು ಬದುಕುವ ಮೇದಾರರು ಪೇಟೆಯಲ್ಲಿ ಅದರ ಎಷ್ಟೋ ಪಟ್ಟು ಹಣ ಕೊಟ್ಟು ಕೊಳ್ಳಬೇಕಿತ್ತು. ಪುಕ್ಕಟೆಗೆ ಸಮನಾಗಿ ಸಿಕ್ಕಿದ್ದನ್ನು ಯಾರು ತಾನೇ ಜೋಪಾನ ಮಾಡುತ್ತಾರೆ?

1970ರ ದಶಕದ ಹೊತ್ತಿಗೆ ಬಿದಿರು ಸಿಗದೆ ಕಂಗಾಲಾದ ಮೇದಾರರು ಸರ್ಕಾರಕ್ಕೆ ದೂರು ಕೊಟ್ಟರು. ಆಗ ರಾಜ್ಯದ ಹಣಕಾಸು ಸಚಿವರಾಗಿದ್ದ ಎಂ.ವೈ. ಘೋರ್ಪಡೆ ಸ್ವತಃ ವನ್ಯಜೀವಿ ಛಾಯಾಗ್ರಾಹಕರು, ಕಾಡು ಬಲ್ಲವರು. ಅವರ ಮೂಲಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಗಾಡ್ಗೀಳ್ ಅವರಿಗೆ ಬಿದಿರು ಏಕೆ ಬರಿದಾಯಿತೆಂಬ ಅಧ್ಯಯನದ ಹೊಣೆ ಬಂತು, ಅವರೊಡನೆ ಎಸ್.ಎನ್. ಪ್ರಸಾದ್ ಕೆಲಸ ಮಾಡಿದರು.

ಕಾಡು ಹಾಳಾದರೆ ಹಳ್ಳಿಯವರ ಮೇಲೆ, ಅವರ ದನಗಳ ಮೇಲೆ ಗೂಬೆ ಕೂರಿಸುವುದು ಹಳೆಯ ರೂಢಿ. ಮೆಳೆಯ ಬುಡದಲ್ಲಿ ಸಿಕ್ಕ ಉತ್ತರ ಬೇರೆಯೇ ಆಗಿತ್ತು. ಬುಡದ ಮುಳ್ಳು ಸವರಿ ಸ್ವಚ್ಛಗೊಳಿಸಿದರೆ ಗಳಗಳು ಇಕ್ಕಟ್ಟಿಲ್ಲದೆ ಬೆಳೆಯುತ್ತವೆ ಎಂಬುದು ಅರಣ್ಯಶಾಸ್ತ್ರದ ಪಾಠ. ಕಡಿತದ ನಿಯಮವೂ ಅದೇ. ಮುಳ್ಳು ಹೋದರೆ ಕಳಲೆ ಉಳಿಯುವುದಿಲ್ಲ ಎಂದು ಹಳ್ಳಿಯವರು ಹೇಳಿದರು. ಸಂಶೋಧಕರು ಮೆಳೆ ಮೆಳೆ ಎಣಿಸಿ ನೋಡಿದಾಗ ಹಳ್ಳಿಯವರ ಮಾತೇ ನಿಜವಾಯಿತು: ಸ್ವಚ್ಛಗೊಂಡ ಮೆಳೆಯ ಕಳಲೆಯನ್ನು ದನ, ಮುಸುವಗಳು ತಿಂದು ಮುಗಿಸುತ್ತಿದ್ದವು. ಜೊತೆಗೆ, ಕಾಡಿನಲ್ಲಿ ಇಷ್ಟು ಬಿದಿರಿದೆ ಎಂದು ಕಾರ್ಖಾನೆಗೆ ಮಾತು ಕೊಡುವಾಗ ಹಾಕಿದ್ದ ಅಂದಾಜೇ ವಾಸ್ತವಕ್ಕಿಂತ ಬಹಳ ಹೆಚ್ಚಾಗಿತ್ತು. ಕಡಿಯುವವರೂ ಕಾಯುವವರೂ ಒಂದೇ ತಪ್ಪು ಲೆಕ್ಕ ನಂಬಿದ್ದರು. ಕರ್ನಾಟಕದ ಅರಣ್ಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಪಾಠ ಸಿಗುವುದು ಕಷ್ಟ.

ನೀತಿ ಬದಲಾಗಲು ಇನ್ನೂ ವರ್ಷಗಳು ಹಿಡಿದವು. 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕಡಿತ ತಡೆದರು. 1988ರ ರಾಷ್ಟ್ರೀಯ ಅರಣ್ಯ ನೀತಿ, ಕಾರ್ಖಾನೆಗಳು ತಮಗೆ ಬೇಕಾದ ಕಚ್ಚಾವಸ್ತುವನ್ನು ರೈತರ ನೆರವಿನಿಂದ ಬೆಳೆಸಿಕೊಳ್ಳಲಿ, ರಿಯಾಯಿತಿ ದರದ ಪೂರೈಕೆ ನಿಲ್ಲಲಿ ಎಂದಿತು.

ಹಕ್ಕಿನ ಪ್ರಶ್ನೆಗೆ ಉತ್ತರ ಬಂದದ್ದು 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ. ಬಿದಿರು ಕಿರು ಅರಣ್ಯ ಉತ್ಪನ್ನ, ಅದರ ಮೇಲೆ ಕಾಡಿನ ಜನರಿಗೆ ಹಕ್ಕಿದೆ ಎಂದು ಅದು ಸಾರಿತು. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ ಲೇಖಾ ಗ್ರಾಮಸಭೆ 2011ರಲ್ಲಿ ತನ್ನ ಕಾಡಿನ ಬಿದಿರನ್ನು ತಾನೇ ಮಾರುವ ಅಧಿಕಾರ ಪಡೆಯಿತು. ಅದೇ ವರ್ಷ ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೂ ಸಮುದಾಯ ಅರಣ್ಯ ಹಕ್ಕು ದೊರೆಯಿತು. 2017ರ ಕೊನೆಯಲ್ಲಿ ಕೇಂದ್ರ ಸರ್ಕಾರ 1927ರ ಕಾಯ್ದೆಯನ್ನು ತಿದ್ದಿ ಬಿದಿರನ್ನು ಮರದ ಪಟ್ಟಿಯಿಂದ ಕೈಬಿಟ್ಟಿತು. ಸ್ವಂತ ಹೊಲದಲ್ಲಿ ಬೆಳೆದವರಿಗೆ ಇದರಿಂದ ದಾರಿ ಸುಗಮವಾಯಿತು.

ಇಂದು ಹವಾಮಾನ ಬದಲಾವಣೆಯ ಹೆಸರಿನಲ್ಲಿ ಬಿದಿರಿಗೆ ಮತ್ತೆ ಬೆಲೆ ಬಂದಿದೆ, ಅದನ್ನು ಬೆಳೆಸಲು ರಾಷ್ಟ್ರೀಯ ಬಿದಿರು ಮಿಷನ್ ಇದೆ. ಯೋಜನೆ ಬರೆಯುವವರು ಮೊದಲು ಮೆಳೆಯ ಪಕ್ಕದಲ್ಲಿ ಬದುಕುವವರನ್ನು ಕೇಳಲಿ. ಉತ್ತರ ಕನ್ನಡದ ಗ್ರಾಮಸಭೆಗಳೂ ಕಾಯ್ದೆ ಕೊಟ್ಟಿರುವ ಸಮುದಾಯ ಹಕ್ಕನ್ನು ಪಟ್ಟು ಹಿಡಿದು ಪಡೆಯಲಿ.