ಸೊಳ್ಳೆಯೂ ನೀರಿನ ತೊಟ್ಟಿಯೂ

1883ನೆಯ ಇಸವಿ. ಬೆಂಗಳೂರಿನ ದಂಡಿನಲ್ಲಿ ರೊನಾಲ್ಡ್ ರಾಸ್ ಎಂಬ ಇಪ್ಪತ್ತಾರು ವಯಸ್ಸಿನ ಸೈನ್ಯದ ವೈದ್ಯನೊಬ್ಬನಿದ್ದನು. ಹುಟ್ಟಿದ್ದು ಹಿಮಾಲಯದ ಮಡಿಲಿನ ಆಲ್ಮೋರದಲ್ಲಿ, ಓದಿದ್ದು ಲಂಡನ್ನಿನಲ್ಲಿ. ವೈದ್ಯವೃತ್ತಿ ತಂದೆಯ ಬಲವಂತಕ್ಕೆ ಹಿಡಿದದ್ದು. ಮನಸ್ಸೆಲ್ಲ ಕವಿತೆ, ಸಂಗೀತ, ಗಣಿತಗಳ ಕಡೆಗೆ. ಬೆಂಗಳೂರಿನ ಹವೆ ಅವನಿಗೆ ಹಿಡಿಸಿತು. ವಾಸಕ್ಕೆ ಸಿಕ್ಕಿದ ಬಂಗಲೆಯೂ ಹಿಡಿಸಿತು. ಹಿಡಿಸದೆ ಉಳಿದದ್ದು ಒಂದೇ, ಸೊಳ್ಳೆ.

ಸೊಳ್ಳೆ ಎಲ್ಲರನ್ನೂ ಕಚ್ಚುತ್ತದೆ. ಕಚ್ಚಿಸಿಕೊಂಡವರು ಬಯ್ದು, ಬಡಿದು, ಮುಸುಕು ಹಾಕಿಕೊಂಡು ಮಲಗುತ್ತಾರೆ. ಈ ವೈದ್ಯ ಹಾಗೆ ಮಾಡಲಿಲ್ಲ. ತನ್ನ ಕೋಣೆಯಲ್ಲೇ ಸೊಳ್ಳೆ ಏಕೆ ಇಷ್ಟೊಂದು ಎಂದು ಹುಡುಕಿದನು. ಕಿಟಕಿಯ ಹೊರಗೆ ನೀರು ತುಂಬಿದ ಒಂದು ತೊಟ್ಟಿ ಇದ್ದಿತು. ಬಗ್ಗಿ ನೋಡಿದರೆ ಅದರ ತುಂಬ ಮಿಸುಕಾಡುವ ಸೊಳ್ಳೆಮರಿಗಳು. ತೊಟ್ಟಿಯನ್ನು ಮಗುಚಿ ಹಾಕಿದನು. ಕೋಣೆಯ ಸೊಳ್ಳೆಕಾಟ ಬಹುಮಟ್ಟಿಗೆ ನಿಂತಿತು.

ಇಷ್ಟು ಸುಲಭವಾದ ಸಂಗತಿಯನ್ನು ತಾನೊಬ್ಬನೇ ಇಟ್ಟುಕೊಳ್ಳುವುದೆ? ಪಡೆಯ ಅಧಿಕಾರಿಯೊಬ್ಬನಿಗೆ ಹೇಳಿದನು. ಅಧಿಕಾರಿಗಳ ಭೋಜನಶಾಲೆಯ ಸುತ್ತ ಇರುವ ತೊಟ್ಟಿಗಳನ್ನೂ ಹೂಕುಂಡಗಳನ್ನೂ ಹೀಗೆಯೇ ಬರಿದು ಮಾಡಿಸಬಹುದೆಂದು ಸೂಚಿಸಿದನು. ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆಯನ್ನು ಯಾವುದೋ ಒಂದು ಉದ್ದೇಶಕ್ಕಾಗಿಯೇ ಸೃಷ್ಟಿಸಿರಬೇಕು, ಅದನ್ನು ನಾಶಮಾಡಿದರೆ ಪ್ರಕೃತಿಯ ವ್ಯವಸ್ಥೆ ಕೆಡುತ್ತದೆ, ಸಹಿಸಿಕೊಳ್ಳುವುದೇ ಧರ್ಮ ಎಂಬುದು ಅವನ ವಾದ. ರಾಸ್ ಇದನ್ನು ಮುಂದೆ ತನ್ನ ಆತ್ಮಕಥೆಯಲ್ಲಿ ನಗುತ್ತ ಬರೆದಿದ್ದಾನೆ.

ನಾವೂ ನಗಬಹುದು. ಆದರೆ ಅಂದಿನಿಂದ ಇಂದಿನವರೆಗೆ ಮನುಷ್ಯನಿಗೂ ಸೊಳ್ಳೆಗೂ ನಡೆದ ವ್ಯಾಜ್ಯದ ಕಥೆಯೆಲ್ಲ ಆ ಸಂಜೆಯ ಮಾತುಕತೆಯಲ್ಲೇ ಅಡಗಿದೆಯೆಂದು ನನಗೆ ಅನ್ನಿಸುತ್ತದೆ. ಪ್ರಕೃತಿಯ ಹೆಸರು ಹೇಳಿ ಕೈಕಟ್ಟಿ ಕೂರುವುದು ಒಂದು ದಾರಿ. ಪ್ರಕೃತಿ ಎಂಬುದೇ ಇಲ್ಲವೆಂಬಂತೆ ವಿಷ ಎರಚುವುದು ಇನ್ನೊಂದು. ನೀರಿನ ತೊಟ್ಟಿಗೆ ಬಗ್ಗಿ ನೋಡುವುದು ಮೂರನೆಯದು. ಮೂರನ್ನೂ ನಾವು ಸರದಿಯ ಮೇಲೆ ಹಿಡಿದಿದ್ದೇವೆ.

ಬೆಂಗಳೂರಿನ ಆ ತೊಟ್ಟಿಯ ಕಾಲಕ್ಕೆ ಸೊಳ್ಳೆಗೂ ಚಳಿಜ್ವರಕ್ಕೂ ಇರುವ ನಂಟು ಯಾರಿಗೂ ತಿಳಿದಿರಲಿಲ್ಲ. ಜೌಗು ನೆಲದ ಕೆಟ್ಟ ಗಾಳಿಯಿಂದ ಮಲೇರಿಯಾ ಬರುತ್ತದೆಂದು ನಂಬಿದ್ದರು. ಆ ಹೆಸರಿನ ಅರ್ಥವೇ ಇಟಾಲಿಯನ್ ಭಾಷೆಯಲ್ಲಿ ಕೆಟ್ಟ ಗಾಳಿ. ಹದಿನಾಲ್ಕು ವರ್ಷಗಳ ಅನಂತರ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ ರಾಸ್ ಸೊಳ್ಳೆಯೊಂದರ ಹೊಟ್ಟೆಯನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ಅದರ ಗೋಡೆಯಲ್ಲಿ ಮಲೇರಿಯಾದ ಜೀವಾಣು ಬೆಳೆಯುತ್ತಿರುವುದನ್ನು ಕಂಡನು. ಆ ಸೊಳ್ಳೆ ಹುಸೇನ್ ಖಾನ್ ಎಂಬ ರೋಗಿಯ ರಕ್ತ ಕುಡಿದದ್ದು. ಕಚ್ಚಿಸಿಕೊಂಡ ಪ್ರತಿಯೊಂದು ಸೊಳ್ಳೆಗೂ ಒಂದಾಣೆಯಂತೆ ಅವನಿಗೆ ಕೂಲಿ ಸಂದಿತು. ರಾಸ್‌ಗೆ 1902ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಅದೇ ವರ್ಷ ಅವನು ಪ್ರಕಟಿಸಿದ ಒಂದು ಪುಟ್ಟ ಪುಸ್ತಕದ ವಿಷಯ ಸೊಳ್ಳೆ ನಿರ್ಮೂಲನದ ದಳಗಳನ್ನು ಕಟ್ಟುವುದು ಹೇಗೆ ಎಂಬುದು. ಕೆಲವು ಆಳು, ಕೆಲವು ಬಕೆಟ್ಟು, ಒಂದು ಕೈಗಾಡಿ. ಊರಿನ ಒಡೆದ ಮಡಕೆ, ಡಬ್ಬಿ, ಗುಂಡಿಗಳನ್ನು ಹುಡುಕಿ ಬರಿದು ಮಾಡುವುದು. ಬೆಂಗಳೂರಿನ ತೊಟ್ಟಿಯ ಪಾಠವೇ ಅದು.

ಆ ಪಾಠದ ತಿರುಳು ಇಷ್ಟೆ. ಹಾರುವ ಸೊಳ್ಳೆಯನ್ನು ಬೆನ್ನಟ್ಟುವುದು ಗಾಳಿಯನ್ನು ಗುದ್ದಿದಂತೆ. ಆದರೆ ಸೊಳ್ಳೆ ಹುಟ್ಟುವುದು ನಿಂತ ನೀರಿನಲ್ಲಿ. ಮೊಟ್ಟೆಯಿಂದ ರೆಕ್ಕೆ ಬರುವವರೆಗೆ, ನಮ್ಮ ಸೆಕೆಯ ದಿನಗಳಲ್ಲಿ, ಒಂದು ವಾರ ಹತ್ತು ದಿನ ಅದು ಆ ನೀರನ್ನು ಬಿಟ್ಟು ಎಲ್ಲಿಗೂ ಹೋಗಲಾರದು. ಉಸಿರಾಟಕ್ಕೆ ನೀರಿನ ಮೇಲ್ಮೈಗೆ ಬಂದೇ ತೀರಬೇಕು. ಅಷ್ಟು ದಿನ ಅದು ನಮ್ಮ ಕೈಯಳತೆಯಲ್ಲಿರುವ ಸೆರೆಯಾಳು.

ಮುಂದಿನ ಅಧ್ಯಾಯ ಮತ್ತೆ ನಮ್ಮ ನಾಡಿನದೇ. ಹಳೆಯ ಮೈಸೂರು ಸೀಮೆಯಲ್ಲಿ, ಅದರಲ್ಲೂ ಮಲೆನಾಡಿನಲ್ಲಿ, ಮಲೇರಿಯಾ ಹಳ್ಳಿಗೆ ಹಳ್ಳಿಯನ್ನೇ ಹಾಸಿಗೆ ಹಿಡಿಸುತ್ತಿದ್ದ ಕಾಲವೊಂದಿತ್ತು. ಜ್ವರಗಡ್ಡೆಯಿಂದ ಹೊಟ್ಟೆ ಉಬ್ಬಿದ ಮಕ್ಕಳು, ಬಿತ್ತನೆಯ ಹೊತ್ತಿಗೆ ಕೈಕಾಲು ಬಿದ್ದುಹೋದ ಒಕ್ಕಲು, ಹೆಣ್ಣು ಕೊಡಲು ಹಿಂದೆಗೆಯುವ ಬಯಲುಸೀಮೆಯವರು, ಇವೆಲ್ಲ ನಮ್ಮ ಹಿರಿಯರು ಕಂಡದ್ದೇ. 1920ರ ದಶಕದ ಕೊನೆಗೆ ಮೈಸೂರು ಸರ್ಕಾರವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ಪಡೆದು ಮಲೇರಿಯಾದ ಅಧ್ಯಯನಕ್ಕೆ ಕೈಹಾಕಿತು. ಮೂಡಿಗೆರೆ, ಹಿರಿಯೂರು, ನಾಗೇನಹಳ್ಳಿಗಳಲ್ಲಿ ಕ್ಷೇತ್ರ ಕೇಂದ್ರಗಳು ತೆರೆದುವು. ಪ್ರತಿಷ್ಠಾನದ ಡಾ. ಸ್ವೀಟ್ ಅವರೂ ಮೈಸೂರಿನ ಡಾ. ಬಿ. ಎ. ರಾವ್ ಅವರೂ ಈ ಕೆಲಸದ ಮುಂದಾಳುಗಳು. ಕಾಡುತೊರೆಗಳ ಮಲೆನಾಡು ಬೇರೆ, ಬಾವಿಗಳ ಬಯಲುಸೀಮೆ ಬೇರೆ, ನಾಲೆಯ ನೀರಾವರಿ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ಆಗದು ಎಂಬುದು ಬೇಗನೆ ತಿಳಿಯಿತು. ಇರ್ವಿನ್ ನಾಲೆಯ ನೀರು ಮಂಡ್ಯದ ಹೊಲಗಳಿಗೆ ಹರಿದು ಬಂದಾಗ ಅದರ ಬೆನ್ನಿಗೇ ಮಲೇರಿಯಾವೂ ಬಂತು. ನೀರು ತಂದವರು ನೀರು ಹೋಗುವ ದಾರಿಯನ್ನೂ ಯೋಚಿಸಬೇಕೆಂಬ ಪಾಠ ಅಲ್ಲಿಯದು.

1928ರಲ್ಲಿ ಡಾ. ರಾವ್ ಅವರು ಇಟಲಿಯಿಂದ ಗ್ಯಾಂಬೂಸಿಯಾ ಎಂಬ ಪುಟ್ಟ ಮೀನನ್ನು ಬೆಂಗಳೂರಿಗೆ ತರಿಸಿದರು. ಬೆರಳಿನಷ್ಟುದ್ದವೂ ಇಲ್ಲದ, ಬಣ್ಣವಿಲ್ಲದ ಮೀನು. ಬಾಯಿ ಮಾತ್ರ ಮೇಲ್ಮುಖ. ನೀರಿನ ಮೇಲ್ಪದರದಲ್ಲಿ ಈಜುತ್ತ, ಉಸಿರಿಗೆಂದು ಮೇಲೆ ಬಂದ ಸೊಳ್ಳೆಮರಿಗಳನ್ನು ನುಂಗುವುದೇ ಅದರ ಕಸುಬು. ಮೊಟ್ಟೆಯಿಡದೆ ಮರಿಯನ್ನೇ ಹಾಕುವುದರಿಂದ ಸಂತಾನ ಬೇಗ ಹೆಚ್ಚುತ್ತದೆ. ಅದಕ್ಕೂ ಮೊದಲೇ, 1908ರಲ್ಲಿ, ಮೇಜರ್ ಸೆಲ್ಲಿ ಎಂಬಾತ ಗಪ್ಪಿ ಎಂಬ ಇದೇ ಬಳಗದ ಮೀನನ್ನು ಭಾರತಕ್ಕೆ ತಂದಿದ್ದನು. ಇಂದು ಮಕ್ಕಳು ಗಾಜಿನ ತೊಟ್ಟಿಯಲ್ಲಿಟ್ಟು ನೋಡಿ ನಲಿಯುವ ಬಣ್ಣದ ಬಾಲದ ಮೀನು ಅದೇ.

1937ರಲ್ಲಿ ಸ್ವೀಟ್ ಮತ್ತು ರಾವ್ ಇನ್ನೊಂದು ಸೋಜಿಗವನ್ನು ಪ್ರಕಟಿಸಿದರು. ಅನಾಫಿಲಿಸ್ ಸ್ಟೀಫನ್ಸೈ ಎಂಬ ಸೊಳ್ಳೆ ನಗರಗಳ ಬಾವಿ, ತೊಟ್ಟಿಗಳಲ್ಲಿ ಹುಟ್ಟಿ ಮಲೇರಿಯಾ ಹರಡುತ್ತದೆ; ಹಳ್ಳಿಗಳಲ್ಲಿ ಕಾಣುವ ಅದೇ ಸೊಳ್ಳೆ ಅಷ್ಟಾಗಿ ಹರಡದು. ಏಕೆ? ಕಣ್ಣಿಗೆ ಎರಡೂ ಒಂದೇ. ಮೊಟ್ಟೆಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಗುಟ್ಟು ಹೊರಬಿತ್ತು. ಮೊಟ್ಟೆಯನ್ನು ತೇಲಿಸುವ ಪಕ್ಕದ ಗಾಳಿಚೀಲಗಳ ಏಣುಗಳು ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಮೆ. ಹಳ್ಳಿಯ ಬಗೆಗೆ ಅವರು ಇಟ್ಟ ಹೆಸರು ಮೈಸೂರೆನ್ಸಿಸ್. ಮೈಸೂರಿನ ಹೆಸರು ಹೀಗೆ ಸೊಳ್ಳೆಯ ವಂಶಾವಳಿಯಲ್ಲಿ ಸೇರಿತು. ಅದೂ ನಿರುಪದ್ರವಿಯ ಹೆಸರಾಗಿ ಎಂಬುದು ನಮಗೆ ಸಮಾಧಾನ. ಎಲ್ಲ ಸೊಳ್ಳೆಯೂ ಶತ್ರುವಲ್ಲ, ಯಾವುದು ಎಲ್ಲಿ ಹುಟ್ಟುತ್ತದೆಂದು ತಿಳಿದವನು ಅರ್ಧ ಯುದ್ಧ ಗೆದ್ದಂತೆ ಎಂಬ ವಿವೇಕ ಅಲ್ಲಿದ್ದಿತು.

ಆ ವಿವೇಕವನ್ನು ನಾವು ಏಕೆ ಮರೆತೆವು? ಉತ್ತರ ಮೂರೇ ಅಕ್ಷರ: ಡಿ.ಡಿ.ಟಿ. 1939ರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಮ್ಯುಲ್ಲರ್ ಅದರ ಕೀಟನಾಶಕ ಗುಣವನ್ನು ಕಂಡುಹಿಡಿದನು. 1948ರಲ್ಲಿ ಅವನಿಗೂ ನೊಬೆಲ್ ಪಾರಿತೋಷಕ ಬಂತು. ಮನೆಯ ಗೋಡೆಗೆ ಒಮ್ಮೆ ಸಿಂಪಡಿಸಿದರೆ ತಿಂಗಳುಗಟ್ಟಲೆ ಅದರ ವಿಷ ಇರುತ್ತದೆ. ರಕ್ತ ಕುಡಿದು ಗೋಡೆಯ ಮೇಲೆ ಕುಳಿತ ಸೊಳ್ಳೆ ಸಾಯುತ್ತದೆ. ತೊಟ್ಟಿಗೆ ಬಗ್ಗಿ ನೋಡುವ ತೊಂದರೆಯೇ ಇಲ್ಲ. ಸ್ವಾತಂತ್ರ್ಯ ಬಂದಾಗ ಭಾರತದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ ಪ್ರಾರಂಭವಾದುವು. ಪಂಪು ಹೊತ್ತವರು ಕಾಡು ಮೇಡು ಹತ್ತಿ ಹಳ್ಳಿಹಳ್ಳಿಗೆ ಹೋದರು. 1965ರ ಹೊತ್ತಿಗೆ ದೇಶದಲ್ಲಿ ಕಂಡುಬಂದ ಮಲೇರಿಯಾ ರೋಗಿಗಳ ಸಂಖ್ಯೆ ಸುಮಾರು 1 ಲಕ್ಷಕ್ಕೆ ಇಳಿಯಿತು. ಇಂದು ಡಿ.ಡಿ.ಟಿ.ಯನ್ನು ಬಯ್ಯುವುದು ಸುಲಭ; ಅದರಿಂದ ಬದುಕಿ ಉಳಿದವರ ಮಕ್ಕಳು ಮೊಮ್ಮಕ್ಕಳು ನಮ್ಮಲ್ಲಿ ಎಷ್ಟೋ ಮಂದಿ ಇದ್ದೇವೆಂಬುದನ್ನು ಮರೆಯಬಾರದು.

ಆದರೆ ಗೆಲುವು ನಿಲ್ಲಲಿಲ್ಲ. ವಿಷಕ್ಕೆ ಜಗ್ಗದೆ ಉಳಿದ ಸೊಳ್ಳೆಗಳ ಸಂತಾನ ಬೆಳೆಯಿತು. ಅದೇ ಮದ್ದನ್ನು ಹೊಲಗಳಿಗೂ ಸುರಿದದ್ದರಿಂದ ಈ ಬೆಳವಣಿಗೆಗೆ ಇನ್ನಷ್ಟು ಇಂಬು ದೊರೆಯಿತು. ಕಾರ್ಯಕ್ರಮವೂ ಸಡಿಲಾಯಿತು, ಇನ್ನೇನು ಹೋಯಿತಲ್ಲ ಎಂಬ ನಿಶ್ಚಿಂತೆ ಬಂದಿತು. 1976ರಲ್ಲಿ ರೋಗಿಗಳ ಸಂಖ್ಯೆ 64 ಲಕ್ಷವನ್ನು ದಾಟಿತು. ಈ ನಡುವೆ, 1962ರಲ್ಲಿ, ಅಮೆರಿಕದ ರೇಚಲ್ ಕಾರ್ಸನ್ ತಮ್ಮ ಗ್ರಂಥದಲ್ಲಿ, ಕರಗದೆ ಉಳಿಯುವ ಈ ವಿಷಗಳು ಮಣ್ಣಿನಿಂದ ಹುಳುವಿಗೆ, ಹುಳುವಿನಿಂದ ಹಕ್ಕಿಗೆ ಏರುವ ಬಗೆಯನ್ನು ಜಗತ್ತಿಗೆ ತೋರಿಸಿಕೊಟ್ಟಿದ್ದರು. ಪ್ರಕೃತಿಯ ವ್ಯವಸ್ಥೆಯ ಮಾತನ್ನು ಆ ದಂಡಿನ ಅಧಿಕಾರಿ ಸೋಮಾರಿತನಕ್ಕೆ ನೆಪವಾಗಿ ಆಡಿದ್ದನು. ಆದರೆ ಅಂಥ ವ್ಯವಸ್ಥೆಯೊಂದು ನಿಜವಾಗಿಯೂ ಇದ್ದಿತು.

ಹಳೆಯ ತೊಟ್ಟಿಯ ಪಾಠ ಮತ್ತೆ ನೆನಪಾದದ್ದು 1983ರಲ್ಲಿ, ಗುಜರಾತಿನ ಖೇಡಾ ಜಿಲ್ಲೆಯ ನಡಿಯಾದ್ ತಾಲ್ಲೂಕಿನಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಮಲೇರಿಯಾ ಸಂಶೋಧನಾ ಕೇಂದ್ರದ ಡಾ. ವಿ. ಪಿ. ಶರ್ಮಾ ಮತ್ತು ಸಂಗಡಿಗರು ಅಲ್ಲಿ ಸಿಂಪಡಣೆಯನ್ನು ನೆಚ್ಚದೆ ಗುಂಡಿ ಮುಚ್ಚಿಸಿದರು, ಚರಂಡಿ ತೋಡಿಸಿದರು, ಕೊಳಗಳಿಗೆ ಗಪ್ಪಿ ಬಿಟ್ಟರು, ಪಾಳುಬಾವಿಗಳಲ್ಲಿ ತೇಲುವ ಹಗುರ ಮಣಿಗಳನ್ನು ಹರವಿ ಸೊಳ್ಳೆಮರಿಗಳ ಉಸಿರು ಕಟ್ಟಿಸಿದರು. ಕೆಲವು ಹಳ್ಳಿಗಳಲ್ಲಿ ಮೊದಲಾದ ಈ ಕೆಲಸ ಕ್ರಮೇಣ ನೂರು ಹಳ್ಳಿಗಳಿಗೆ ಹಬ್ಬಿತು. ಹಳ್ಳಿಯವರು ತಮ್ಮ ಕೆಲಸವೆಂದು ಕೈಹಾಕಿದುದರಿಂದ ಅದು ನಡೆಯಿತು.

1990ರ ದಶಕದಲ್ಲಿ ಅದೇ ಸಂಸ್ಥೆಯ ಬೆಂಗಳೂರು ಶಾಖೆ ಕೋಲಾರ ಜಿಲ್ಲೆಯ ಕಾಮಸಮುದ್ರದ ಕಡೆ ಮೀನಿನ ಪ್ರಯೋಗವನ್ನು ಹಿಡಿಯಿತು. ಬಾವಿಗಳಿಗೆ ಗಪ್ಪಿ, ಕೆರೆಕುಂಟೆಗಳಿಗೆ ಗ್ಯಾಂಬೂಸಿಯಾ. ಇಲ್ಲಿಯೂ 1937ರಂಥದೇ ಸೋಜಿಗ: ಹಳ್ಳಿಗಾಡಿನಲ್ಲಿ ಮಲೇರಿಯಾ ಹರಡುವ ಸೊಳ್ಳೆ ಜಾತಿಯಲ್ಲಿಯೂ ನೋಡಲು ಒಂದೇ ಬಗೆಯ, ಆದರೆ ಬೇರೆ ಬೇರೆಯಾದ ಒಳಪಂಗಡಗಳಿದ್ದುವು. ರೋಗ ಹರಡುವ ಪಂಗಡ ಹೆಚ್ಚಾಗಿ ಹುಟ್ಟುತ್ತಿದ್ದುದು ಬಾವಿಗಳಲ್ಲಿ. ಬಾವಿಗೆ ಮೀನು ಬಿದ್ದಿತು, ಆ ಪಂಗಡ ಅಡಗಿತು, ಮಲೇರಿಯಾವೂ ಹಿಂದೆಗೆಯಿತು. ಅರುವತ್ತು ವರ್ಷದ ಹಿಂದಿನ ಸೂಕ್ಷ್ಮದರ್ಶಕ ಕಲಿಸಿದುದನ್ನೇ ಕೋಲಾರದ ಬಾವಿಗಳು ಮತ್ತೊಮ್ಮೆ ಹೇಳಿದುವು.

ಹಾಗೆಂದು ಮೀನೇ ಸಂಜೀವಿನಿಯೆಂದು ಭ್ರಮಿಸಬಾರದು. ಗ್ಯಾಂಬೂಸಿಯಾ ಪರದೇಶದ ಪ್ರಾಣಿ; ಬಹಳ ಹೊಟ್ಟೆಬಾಕ. ಕೆರೆ ಹೊಳೆಗಳಿಗೆ ಸೇರಿದರೆ ಸೊಳ್ಳೆಮರಿಯ ಜೊತೆಗೆ ನಾಡಮೀನುಗಳ ಮರಿ, ಕಪ್ಪೆಯ ಮೊಟ್ಟೆಗಳನ್ನೂ ತಿಂದುಹಾಕುತ್ತದೆ. ಜಗತ್ತಿನ ನೂರು ಅತಿ ಕೆಟ್ಟ ಅತಿಕ್ರಮಣಕಾರಿ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಹೆಸರೂ ಇದೆ. ನೀರಿನ ಮೇಲ್ಪದರದಲ್ಲಿ ಸೊಳ್ಳೆಮರಿ ಹಿಡಿಯುವ ನಮ್ಮದೇ ಮೀನುಗಳು ಕೆರೆಗಳಲ್ಲಿವೆ; ತುಂಬೆಹುಳುವಿನ ಮರಿಗಳಿವೆ. ಕೆರೆಯನ್ನು ಕೊಳಚೆಯಿಂದ ಕಾಪಾಡಿದರೆ ಅವು ಸಂಬಳವಿಲ್ಲದೆ ದುಡಿಯುತ್ತವೆ. ಹೊರಗಿನ ಮೀನು ಮುಚ್ಚಿದ ತೊಟ್ಟಿಗೆ, ಒಂಟಿ ಬಾವಿಗೆ ಸರಿ. ಹರಿಯುವ ನೀರಿಗೆ ಬೇಡ.

ಈಗ ನಗರದಲ್ಲಿರುವ ನಮ್ಮ ಮಾತು. ಮಲೇರಿಯಾ ಕರ್ನಾಟಕದಲ್ಲಿ ಬಹಳ ಇಳಿದಿದೆ. ಅದರ ಜಾಗಕ್ಕೆ ಡೆಂಗಿ ಬಂದಿದೆ. ಅದನ್ನು ಹರಡುವ ಈಡಿಸ್ ಸೊಳ್ಳೆ ಜೌಗನ್ನು ಹುಡುಕಿಕೊಂಡು ಹೋಗುವುದಿಲ್ಲ, ನಮ್ಮ ಮನೆಯ ತಿಳಿನೀರೇ ಅದಕ್ಕೆ ಸಾಕು. ಕೊಳಾಯಿ ಎಂದು ಬರುತ್ತದೋ ಎಂಬ ಭಯಕ್ಕೆ ತುಂಬಿಟ್ಟ ಡ್ರಮ್ಮು, ಹೂಕುಂಡದ ಕೆಳಗಿನ ತಟ್ಟೆ, ತಾರಸಿಯ ಹಳೆಯ ಟೈರು, ತೆಂಗಿನ ಚಿಪ್ಪು. ಬೇನೆ ಹರಡಿದ ಮೇಲೆ ಬೀದಿಗೆ ಹೊಗೆಯ ಯಂತ್ರ ಬರುತ್ತದೆ; ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಹೊಗೆ ಹಾರುವ ಸೊಳ್ಳೆಗಳಲ್ಲಿ ಕೆಲವನ್ನು ಕೊಂದೀತು. ಡ್ರಮ್ಮಿನೊಳಗಿನ ಮರಿಗಳಿಗೆ ಅದು ಮುಟ್ಟುವುದೇ ಇಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಲು ಎಡೆಗೊಡುವವರಿಗೆ ದಂಡವನ್ನೂ ಗೊತ್ತುಮಾಡಿತು. ದಂಡಕ್ಕಿಂತ ಅಗ್ಗವಾದ ಉಪಾಯ ವಾರಕ್ಕೊಂದು ದಿನ ಎಲ್ಲ ಪಾತ್ರೆಗಳನ್ನೂ ಬರಿದು ಮಾಡಿ, ಉಜ್ಜಿ, ಒಣಗಿಸುವುದು. ಸೊಳ್ಳೆಗೆ ರೆಕ್ಕೆ ಮೂಡಲು ಒಂದು ವಾರವಾದರೂ ಬೇಕು. ಆದುದರಿಂದಲೇ ಆ ಲೆಕ್ಕ.

ಇಷ್ಟು ಬರೆದು, ಪರರಿಗೆ ಉಪದೇಶ ಹೇಳುವ ಮುನ್ನ ಒಮ್ಮೆ ನೋಡಿ ಬರೋಣವೆಂದು ನಮ್ಮ ಹಿತ್ತಲಿಗೆ ಹೋದೆ. ಬಚ್ಚಲಿನ ಆಚೆ, ಹಿಡಿ ಮುರಿದ ಒಂದು ಬಕೆಟ್ಟು. ಎಸೆಯಲು ಮನಸ್ಸಾಗದೆ ನಾನೇ ಇಟ್ಟದ್ದು. ಕಳೆದ ವಾರದ ಮಳೆಯ ನೀರು ಅರ್ಧ ತುಂಬಿತ್ತು. ಬಗ್ಗಿ ನೋಡಿದೆ, ಮಿಸುಕಾಡುತ್ತಿದ್ದುವು. ಪ್ರಕೃತಿಯ ವ್ಯವಸ್ಥೆ ಕೆಟ್ಟೀತೆಂಬ ಯೋಚನೆ ನನಗೇನೂ ಬರಲಿಲ್ಲ. ಆದರೆ ಸ್ನಾನವಾದ ಮೇಲೆ ಮಗುಚಿದರಾಯಿತು ಎಂಬ ಯೋಚನೆ ಮಾತ್ರ ಬಂದಿತು. ಬೆಂಗಳೂರಿನ ಆ ಅಧಿಕಾರಿ ಸತ್ತು ಎಷ್ಟು ವರ್ಷವಾಗಿದ್ದರೂ ನಮ್ಮೊಳಗೆ ಅವನಿನ್ನೂ ಕೆಲಸದಲ್ಲಿದ್ದಾನೆ. ಲೇಖನಿ ಕೆಳಗಿಟ್ಟು, ಬಕೆಟ್ಟನ್ನು ಆಗಲೇ ಮಗುಚಿ ಬಂದೆ.