ತವರಿನ ಹೆಸರು

ಇತಿಹಾಸದ ತರಗತಿಯಲ್ಲಿ ಎಷ್ಟೋ ವರ್ಷ ಅರಸರ ವಂಶಾವಳಿ ಬರೆಸಿದವಳು ನಾನು. ಆದರೆ ನನ್ನ ಅಜ್ಜಿಯ ತಾಯಿಯ ಹೆಸರೇನೆಂದು ಕೇಳಿದರೆ ಬಾಯಿ ಕಟ್ಟುತ್ತದೆ. ಇದು ಅರಿವಾದದ್ದು ಮಗಳ ಬಾಣಂತನಕ್ಕೆಂದು ಸ್ಕಾಟ್ಲೆಂಡಿನ ಡಂಡಿ ಪಟ್ಟಣಕ್ಕೆ ಹೋದಾಗ.

ಪಕ್ಕದ ಮನೆಯ ಹಿರಿಯಾಕೆ ತಮ್ಮ ಮುತ್ತಜ್ಜಿಯ ಹಿಂದಿನವರನ್ನು ಹುಡುಕುತ್ತಿದ್ದರು. ಒಂದು ದಿನ ಚಹಾಕ್ಕೆ ಕರೆದು ಮುತ್ತಜ್ಜಿಯ ಮರಣಪತ್ರದ ಪ್ರತಿ ತೋರಿಸಿದರು. ಅದರಲ್ಲಿ ಗಂಡನ ಹೆಸರಷ್ಟೇ ಅಲ್ಲ, ಅವಳ ತಂದೆಯ ಹೆಸರು, ಕಸುಬು, ತಾಯಿಯ ತವರುಮನೆಯ ಹೆಸರು ಎಲ್ಲ ಇತ್ತು! ಅಲ್ಲಿ 1855ರ ಜನವರಿ 1ರಿಂದ ಜನನ, ಮದುವೆ, ಮರಣಗಳನ್ನು ಸರಕಾರವೇ ಬರೆದಿಡುತ್ತ ಬಂದಿದೆ. ಹೀಗಾಗಿ ಒಂದು ಮರಣಪತ್ರ ಸಿಕ್ಕರೆ ಹಿಂದಿನ ತಲೆಮಾರಿನ ಬಾಗಿಲು ತೆರೆಯುತ್ತದೆ. ಅದಕ್ಕೂ ಹಿಂದಿನದಕ್ಕೆ ಚರ್ಚುಗಳ ಪುಸ್ತಕಗಳಿವೆ. ಎಲ್ಲಕ್ಕಿಂತ ಹಳೆಯದು ಎರಲ್ ಎಂಬ ಊರಿನದು, 1553ರದು. ಇವೆಲ್ಲ ಎಡಿನ್‌ಬರೋದ ದಾಖಲೆಗಳ ಭಂಡಾರದಲ್ಲಿವೆ. ಈಗ 'ಸ್ಕಾಟ್ಲೆಂಡ್ಸ್ ಪೀಪಲ್' ಎಂಬ ಸರಕಾರಿ ಜಾಲತಾಣದಲ್ಲಿ ಮನೆಯಲ್ಲಿ ಕುಳಿತೇ ನೋಡಬಹುದು.

ಕಸುಬು ತಿಳಿಯಲು ಜನಗಣತಿಯಿದೆ. 1841ರಿಂದ ಅದರಲ್ಲಿ ಮನೆಮಂದಿಯ ಹೆಸರು, ಉದ್ಯೋಗ ಸಿಗುತ್ತವೆ. ಮುತ್ತಜ್ಜಿಯ ಹೆಸರಿನ ಮುಂದೆ 'ಸೆಣಬು ನೇಯುವವಳು' ಎಂದಿತ್ತು.

"ಸೆಣಬು ನಿಮ್ಮ ದೇಶದಿಂದಲೇ ಬರುತ್ತಿತ್ತು" ಎಂದರು ಆಕೆ. ನಿಜ. ಬಂಗಾಳದ ನಾರು ಹಡಗಿನಲ್ಲಿ ಡಂಡಿಗೆ ಹೋಗಿ, ತಿಮಿಂಗಿಲದ ಎಣ್ಣೆಯಲ್ಲಿ ಮೆತ್ತಗಾಗಿ, ಗೋಣಿಚೀಲವಾಗುತ್ತಿತ್ತು. ಆ ಗಿರಣಿಗಳಲ್ಲಿ ಹೆಂಗಸರೇ ಹೆಚ್ಚು, ಏಕೆಂದರೆ ಅವರಿಗೆ ಕೊಡುವ ಕೂಲಿ ಕಡಿಮೆ. ಕೆಲಸವಿಲ್ಲದೆ ಮನೆಯಲ್ಲಿ ಉಳಿದ ಗಂಡಸರನ್ನು ಊರವರು 'ಕೆಟಲ್ ಕಾಯಿಸುವವರು' ಎಂದು ಆಡಿಕೊಳ್ಳುತ್ತಿದ್ದರು. ನೇಯುವವರು ಹ್ಯಾಟು, ಕೈಗವಸು ಹಾಕಿಕೊಂಡು ಗಿರಣಿಗೆ ಹೋದರೆ, ನೂಲುವವರು ಶಾಲು ಹೊದ್ದು ಹೋಗುತ್ತಿದ್ದರಂತೆ. ಬಡತನದಲ್ಲೂ ಮೇಲುಕೀಳು ತಪ್ಪಲಿಲ್ಲ ನೋಡಿ.

ಹೆಸರು ಉಳಿದ ಮಾತ್ರಕ್ಕೆ ಆ ಹೆಂಗಸರ ಬಾಳು ಹಗುರವಾಗಿರಲಿಲ್ಲ, ಒಪ್ಪುತ್ತೇನೆ. ಆದರೂ ನೂರು ವರ್ಷದ ಮೇಲೆ ಮೊಮ್ಮಗಳ ಮಗಳೊಬ್ಬಳು ಕನ್ನಡಕ ಏರಿಸಿ, ಆ ಹೆಸರಿನ ಮೇಲೆ ಬೆರಳಿಟ್ಟು, "ಇವಳೇ" ಎನ್ನುವುದನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು.

ಊರಿಗೆ ಮರಳಿದವಳೇ ಎಂಬತ್ತು ದಾಟಿದ ಚಿಕ್ಕಮ್ಮನ ಬಳಿ ಹೋಗಿ ಕೇಳಿದೆ. "ಎಲ್ಲರೂ ದೊಡ್ಡವ್ವ ಅಂತಿದ್ವಿ ಕಣೆ. ಹೆಸರು ಹಿಡಿದು ಯಾರು ಕರೀತಿದ್ರು?" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಣ್ಣೆ ಕಾಯಿಸಿ ತುಪ್ಪ ಮಾರ್ತಿದ್ಳು. ಸಂತೆ ದಿನ ನಮಗೆಲ್ಲ ಬೆಲ್ಲ ತರೋಳು" ಎಂದರು.

ನೋಟುಪುಸ್ತಕದಲ್ಲಿ ಕಸುಬನ್ನು ಬರೆದುಕೊಂಡೆ. ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಅದರ ಕೆಳಗೆ ಅಜ್ಜಿಯ, ಅಮ್ಮನ, ಚಿಕ್ಕಮ್ಮನ ಹೆಸರುಗಳನ್ನು ತವರೂರಿನ ಸಮೇತ ಬರೆದೆ.