ಗೋಡೆ ಕುಸಿದಾಗ ದಂಡ ಯಾರಿಗೆ?

ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ನ ಮುಂದೆ ಐವರು ಗೋಡೆಯಂತೆ ನಿಲ್ಲುತ್ತಾರೆ. ಆ ಗೋಡೆ ಕುಸಿದು ಎದುರಾಳಿಗಳು ಅವನನ್ನು ಕೆಡವಿದರೆ, ನಷ್ಟವಾದ ಗಜಗಳನ್ನು ಕಾಲೇಜು ಆಟದ ದಾಖಲೆಯು ಅವನ ಓಟದ ಲೆಕ್ಕದಿಂದಲೇ ಕಳೆಯುತ್ತದೆ. ತಪ್ಪಿದವರು ಬೇರೆ, ದಂಡ ತೆರುವವನು ಬೇರೆ!

1956ರಲ್ಲಿ ನೋಟರ್ ಡೇಮ್ ತಂಡವು ಹತ್ತು ಪಂದ್ಯಗಳಲ್ಲಿ ಗೆದ್ದದ್ದು ಎರಡನ್ನೇ. ಅದರ ಕ್ವಾರ್ಟರ್‌ಬ್ಯಾಕ್ ಪಾಲ್ ಹಾರ್ನಂಗ್‌ನ ಎಸೆತಗಳಲ್ಲಿ 3 ಟಚ್‌ಡೌನ್ ತಂದವು, 13 ಎದುರಾಳಿಗಳ ಕೈಸೇರಿದವು. ಆದರೂ ಓಟ, ಎಸೆತ, ಅಂಕಗಳಿಕೆ ಮೂರರಲ್ಲೂ ತಂಡಕ್ಕೆ ಆತನೇ ಮೊದಲಿಗ. ಆ ವರ್ಷದ ಹೈಸ್‌ಮನ್ ಪ್ರಶಸ್ತಿ ಆತನಿಗೇ ಸಂದಿತು. ಗೆಲುವಿಗಿಂತ ಸೋಲೇ ಹೆಚ್ಚಿದ್ದ ತಂಡದಿಂದ ಆ ಗೌರವ ಪಡೆದವನು ಇಂದಿಗೂ ಆತನೊಬ್ಬನೇ.

ತೀರ್ಪಿಗೆ ಆಕ್ಷೇಪಗಳಿದ್ದವು. ದಶಕಗಳ ಕಾಲ ಉತ್ತರಪತ್ರಿಕೆಗಳಿಗೆ ಅಂಕವಿತ್ತ ನನಗೆ ಅದು ಒಪ್ಪಿತವೇ. ಅಂಕಿಯನ್ನು ಓದುವ ಮುನ್ನ ಅದನ್ನು ಗಳಿಸಿದವನು ನಿಂತಿದ್ದ ನೆಲವನ್ನು ನೋಡಬೇಕಲ್ಲವೇ?